ಸಂದೇಶಕ್ಕೆ ಅರ್ಥ ಕೊಡುವ ಅಣುಗಳು: ಹಣ್ಣುನೊಣದ ಮಿದುಳಿನ ಗ್ರಾಹಕಗಳು

ಚೆನ್ನಾಗಿ ಮಾಗಿದ ಬಾಳೆಹಣ್ಣನ್ನು ಅಡುಗೆಮನೆಯ ಮೂಲೆಯಲ್ಲಿ ಎರಡು ದಿನ ಮರೆತುಬಿಟ್ಟರೆ ಅದರ ಮೇಲೆ ಸುಳಿದಾಡತೊಡಗುವ, ಎಳ್ಳುಕಾಳಿನಷ್ಟಿರುವ, ಕೆಂಪು ಕಣ್ಣಿನ ನೊಣವನ್ನು ನೀವೆಲ್ಲರೂ ಕಂಡಿದ್ದೀರಿ. ಇವತ್ತಿನ ಮಾತು ಆ ನೊಣದ ತಲೆಯೊಳಗಿನದು. ಮುಂದೆ ಹೋಗುವ ಮೊದಲು ಒಂದು ಗೊಂದಲವನ್ನು ಬಿಡಿಸುತ್ತೇನೆ. ಮಾವು ಬೆಳೆಯುವವರು ಹಣ್ಣುನೊಣ ಎಂದಾಗ ಅವರ ಮನಸ್ಸಿನಲ್ಲಿರುವುದು ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಟ್ಟು ಒಳಗೆ ಹುಳು ಬೀಳಿಸುವ ಬ್ಯಾಕ್ಟ್ರೋಸೆರಾ ಎಂಬ ದೊಡ್ಡ ನೊಣ. ನಾನು ಮಾತನಾಡುತ್ತಿರುವುದು ಡ್ರೊಸೊಫಿಲ ಮೆಲನೊಗ್ಯಾಸ್ಟರ್ ಬಗ್ಗೆ. ಅದರ ಉದ್ದ ಮೂರು ಮಿಲಿಮೀಟರಿನ ಆಸುಪಾಸು, ಅದರ ಮಿದುಳು ಗಸಗಸೆ ಕಾಳಿಗಿಂತ ಚಿಕ್ಕದು.

ಆ ಗಸಗಸೆಯಷ್ಟು ಮಿದುಳಿನ ಪೂರ್ತಿ ನಕ್ಷೆ 2024ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಒಂದು ಹೆಣ್ಣುನೊಣದ ಮಿದುಳನ್ನು ಸುಮಾರು 7,000 ತೆಳುಹೋಳುಗಳಾಗಿ ಕೊಯ್ದು, ಒಂದೊಂದು ಹೋಳನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರಿಸಿ, ಒಂದು ಹೋಳಿನಲ್ಲಿ ಕಂಡ ಎಳೆ ಮುಂದಿನ ಹೋಳಿನಲ್ಲಿ ಎಲ್ಲಿಗೆ ಹೋಯಿತೆಂದು ಗಣಕ ಮತ್ತು ನೂರಾರು ಮನುಷ್ಯರು ಕೂಡಿ ಹಿಂಬಾಲಿಸಿದ ಕೆಲಸ ಅದು. ಲೆಕ್ಕ ಹಾಕಿದಾಗ ಸಿಕ್ಕಿದ್ದು 1,39,255 ನರಕೋಶಗಳು, ಅವುಗಳ ನಡುವೆ ಐದು ಕೋಟಿಗೂ ಹೆಚ್ಚು ಸಿನಾಪ್ಸ್‌ಗಳು, ಅಂದರೆ ಒಂದು ಕೋಶ ಇನ್ನೊಂದಕ್ಕೆ ಸಂದೇಶ ದಾಟಿಸುವ ಸಂಧಿಗಳು. ಯಾವ ಕೋಶದ ಯಾವ ಕವಲು ಯಾವ ಕೋಶವನ್ನು ಮುಟ್ಟುತ್ತದೆ ಎಂಬುದನ್ನು ಇಂದು ಯಾರು ಬೇಕಾದರೂ ಮನೆಯಲ್ಲಿ ಕುಳಿತು ತೆರೆದು ನೋಡಬಹುದು. ನನ್ನ ದೃಷ್ಟಿಯಲ್ಲಿ ಇದು ನಮ್ಮ ಕಾಲದ ಜೀವವಿಜ್ಞಾನದ ಅತಿ ದೊಡ್ಡ ಸಾಧನೆಗಳಲ್ಲಿ ಒಂದು. ಆದರೂ ಆ ನಕ್ಷೆಯನ್ನು ಎಷ್ಟು ಹೊತ್ತು ನೋಡಿದರೂ ಒಂದು ಸಂಗತಿ ಅದರಲ್ಲಿ ಕಾಣುವುದಿಲ್ಲ: ಒಂದು ಕೋಶ ಇನ್ನೊಂದಕ್ಕೆ ಏನನ್ನೋ ಹೇಳಿದಾಗ, ಕೇಳಿಸಿಕೊಂಡ ಕೋಶ ಚುರುಕಾಗುತ್ತದೆಯೋ ಸುಮ್ಮನಾಗುತ್ತದೆಯೋ ಎಂಬುದು.

ನರಕೋಶಗಳು ಮಾತನಾಡುವುದು ರಾಸಾಯನಿಕಗಳ ಮೂಲಕ ಎಂಬುದು ನಿಮಗೆ ಗೊತ್ತಿದೆ. ಒಂದು ಕೋಶದ ತುದಿಯಿಂದ ಅಸಿಟೈಲ್‌ಕೋಲಿನ್, ಗ್ಲುಟಮೇಟ್, ಗಾಬಾ, ಡೋಪಮೈನ್ ಮುಂತಾದ ನರವಾಹಕಗಳಲ್ಲೊಂದು ಹೊರಬೀಳುತ್ತದೆ. ಎದುರಿನ ಕೋಶದ ಪೊರೆಯಲ್ಲಿ ಹುದುಗಿರುವ ಒಂದು ಪ್ರೋಟೀನು ಅದನ್ನು ಹಿಡಿಯುತ್ತದೆ. ಆ ಪ್ರೋಟೀನನ್ನೇ ನಮ್ಮ ಪಠ್ಯಪುಸ್ತಕಗಳು ಗ್ರಾಹಕ ಎಂದು ಕರೆಯುತ್ತವೆ. ಅಂಗಡಿಗೆ ಬರುವವರನ್ನೂ ನಾವು ಗ್ರಾಹಕರು ಎನ್ನುವುದರಿಂದ ವಿದ್ಯಾರ್ಥಿಗಳಿಗೆ ಈ ಪದ ಮೊದಲು ತುಸು ವಿಚಿತ್ರವಾಗಿ ಕೇಳಿಸುತ್ತದೆ. ನನಗೆ ಮಾತ್ರ ಅದು ಬಹಳ ಸರಿಯಾದ ಪದ ಎನಿಸುತ್ತದೆ. ತಂದ ಸರಕನ್ನು ಏನು ಮಾಡಬೇಕು ಎಂಬುದನ್ನು ಕೊಳ್ಳುವವನು ತೀರ್ಮಾನಿಸುತ್ತಾನೆಯೇ ಹೊರತು ಮಾರುವವನಲ್ಲ.

ಶಾಲೆಯಲ್ಲಿ ಇದನ್ನು ಬೀಗ ಮತ್ತು ಬೀಗದಕೈಯ ಹೋಲಿಕೆಯಿಂದ ಕಲಿಸುತ್ತಾರೆ. ಯಾವ ಕೈ ಯಾವ ಬೀಗಕ್ಕೆ ಕೂರುತ್ತದೆ ಎಂಬಷ್ಟಕ್ಕೆ ಆ ಹೋಲಿಕೆ ಸಾಕು. ಆದರೆ ಬಾಗಿಲು ತೆರೆದ ಮೇಲೆ ಒಳಗೆ ಏನಿದೆ ಎಂಬುದನ್ನು ಅದು ಹೇಳುವುದಿಲ್ಲ, ಮತ್ತು ವಿಷಯವಿರುವುದೇ ಅಲ್ಲಿ. ಕೆಲವು ಗ್ರಾಹಕಗಳು ಸ್ವತಃ ಒಂದು ಕೊಳವೆ. ನರವಾಹಕ ಬಂದು ಕೂತ ಕೂಡಲೇ, ಒಂದು ಸೆಕೆಂಡಿನ ಸಾವಿರದ ಕೆಲವೇ ಪಾಲಿನಲ್ಲಿ, ಕೊಳವೆ ಬಾಯಿ ಬಿಡುತ್ತದೆ. ಅದು ಸೋಡಿಯಂ ಒಳಬಿಡುವ ಕೊಳವೆಯಾದರೆ ಕೋಶ ಉದ್ದೀಪನಗೊಳ್ಳುತ್ತದೆ, ಅಂದರೆ ಚುರುಕಾಗುತ್ತದೆ, ಕ್ಲೋರೈಡನ್ನು ಒಳಬಿಡುವುದಾದರೆ ಸಾಮಾನ್ಯವಾಗಿ ಅಡಗುತ್ತದೆ, ಅಂದರೆ ಸುಮ್ಮನಾಗುತ್ತದೆ. ಇನ್ನು ಕೆಲವು ಗ್ರಾಹಕಗಳಲ್ಲಿ ಕೊಳವೆಯೇ ಇಲ್ಲ. ಅವು ಕೋಶದೊಳಗೆ ಒಂದು ರಾಸಾಯನಿಕ ಸರಪಳಿಯನ್ನು ಆರಂಭಿಸುತ್ತವೆ, ಅದರ ಪರಿಣಾಮ ನಿಧಾನವಾಗಿ ಹಬ್ಬಿ ಸೆಕೆಂಡುಗಳಿಂದ ಹಿಡಿದು ದಿನಗಳವರೆಗೂ ಉಳಿಯಬಹುದು.

ಈಗ ನೊಣದ ವಿಶೇಷಕ್ಕೆ ಬರುತ್ತೇನೆ. ನಮ್ಮ ಮಿದುಳಿನಲ್ಲಿ ಉದ್ದೀಪನದ ಮುಖ್ಯ ಹೊಣೆ ಗ್ಲುಟಮೇಟಿನದು, ಸ್ನಾಯುವನ್ನು ಕುಣಿಸುವ ಹೊಣೆ ಅಸಿಟೈಲ್‌ಕೋಲಿನ್‌ನದು. ನೊಣದಲ್ಲಿ ಇದು ಅದಲುಬದಲು. ಅದರ ಮಿದುಳಿನಲ್ಲಿ ಉದ್ದೀಪಿಸುವುದು ಅಸಿಟೈಲ್‌ಕೋಲಿನ್. ಅದರ ಸ್ನಾಯುವನ್ನು ಸಂಕುಚಿಸುವುದು ಗ್ಲುಟಮೇಟ್ ಎಂಬುದನ್ನು 1976ರಲ್ಲೇ ಮರಿಹುಳುವಿನ ಸ್ನಾಯುಗಳ ಮೇಲೆ ತೋರಿಸಲಾಗಿತ್ತು. ಹಾಗಾದರೆ ನೊಣದ ಮಿದುಳಿನೊಳಗೆ ಬಿಡುಗಡೆಯಾಗುವ ಗ್ಲುಟಮೇಟ್ ಏನು ಮಾಡುತ್ತದೆ? ಸ್ನಾಯುವಿನಂತೆ ಮಿದುಳನ್ನೂ ಅದು ಉದ್ದೀಪಿಸುತ್ತದೆಂದು ಊಹಿಸುವುದು ಸಹಜವಾಗಿತ್ತು. 2013ರಲ್ಲಿ ಹಾರ್ವರ್ಡ್‌ನ ರೇಚೆಲ್ ವಿಲ್ಸನ್ ಅವರ ಪ್ರಯೋಗಾಲಯ ವಾಸನೆಗೆ ಸಂಬಂಧಿಸಿದ ಕೋಶಗಳಲ್ಲಿ ಇದನ್ನು ನೇರವಾಗಿ ಅಳೆದಾಗ ಗ್ಲುಟಮೇಟ್ ಅವುಗಳನ್ನು ಅಡಗಿಸುತ್ತಿತ್ತು. ಕಾರಣ, ಆ ಕೋಶಗಳಲ್ಲಿದ್ದದ್ದು ಗ್ಲುಟಮೇಟ್ ಬಂದರೆ ಕ್ಲೋರೈಡಿಗೆ ದಾರಿ ಬಿಡುವ, ಗ್ಲುಕ್ಲ್-ಆಲ್ಫಾ ಎಂಬ ಗ್ರಾಹಕ. ಅದೇ ಪ್ರಾಣಿ, ಅದೇ ಅಣು, ಕಾಲಿನಲ್ಲಿ ಒಂದು ಅರ್ಥ, ತಲೆಯಲ್ಲಿ ಅದರ ವಿರುದ್ಧ ಅರ್ಥ.

ಇದರ ಬಳಕೆ ಅತ್ಯಂತ ಚೆನ್ನಾಗಿ ಕಾಣುವುದು ನೊಣದ ಕಣ್ಣಿನ ಹಿಂದೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ದಯವಿಟ್ಟು ಹೆಜ್ಜೆಹೆಜ್ಜೆಯಾಗಿ ನನ್ನೊಡನೆ ಬನ್ನಿ. ನೊಣದ ಒಂದೊಂದು ಕಣ್ಣಿನಲ್ಲೂ ಸುಮಾರು 750 ಪುಟ್ಟ ಕಿರುಗಣ್ಣುಗಳಿವೆ. ಬೆಳಕು ಬಿದ್ದಾಗ ಅವುಗಳೊಳಗಿನ ದೃಷ್ಟಿಕೋಶಗಳು ಉದ್ದೀಪನಗೊಂಡು ಹಿಸ್ಟಮೈನನ್ನು ಬಿಡುತ್ತವೆ. ನಮಗೆ ನೆಗಡಿ, ಅಲರ್ಜಿಗಳಿಂದ ಪರಿಚಯವಾದ ಅದೇ ಹಿಸ್ಟಮೈನ್. ಅದನ್ನು ಪಡೆಯುವ ಮುಂದಿನ ಸಾಲಿನ ಕೋಶಗಳಿಗೆ ಎಲ್1, ಎಲ್2 ಎಂದು ಹೆಸರು. ಅವುಗಳ ಮೇಲಿರುವ ಹಿಸ್ಟಮೈನ್ ಗ್ರಾಹಕ ಕ್ಲೋರೈಡಿನ ಕೊಳವೆ. ಹಾಗಾಗಿ ಬೆಳಕು ಹೆಚ್ಚಾದರೆ ಎಲ್1 ಮತ್ತು ಎಲ್2 ಎರಡೂ ಅಡಗುತ್ತವೆ, ಬೆಳಕು ತಗ್ಗಿದರೆ ಎರಡೂ ಚುರುಕಾಗುತ್ತವೆ. ಇಲ್ಲಿಯವರೆಗೆ ಇಬ್ಬರದೂ ಒಂದೇ ರಾಗ.

ಆದರೆ ನೊಣಕ್ಕೆ ಬೇಕಾದದ್ದು ಎರಡು ಬೇರೆ ಸುದ್ದಿಗಳು. ಇಲ್ಲಿ ಬೆಳಕು ಹೆಚ್ಚಾಯಿತು ಎಂಬುದು ಒಂದು, ಇಲ್ಲಿ ಬೆಳಕು ಕಡಿಮೆಯಾಯಿತು ಎಂಬುದು ಇನ್ನೊಂದು. ನಿಮ್ಮ ಕೈಯ ನೆರಳು ಮೇಲೆ ಬಿದ್ದಾಗ ಅದು ಹಾರಿಹೋಗುವುದಕ್ಕೆ ಎರಡನೆಯ ಸುದ್ದಿ ಬೇಕು. ಒಂದೇ ರಾಗದಿಂದ ಎರಡು ಸುದ್ದಿ ಹುಟ್ಟುವುದು ಹೇಗೆ? ಎಲ್2 ಬಿಡುವುದು ಅಸಿಟೈಲ್‌ಕೋಲಿನ್. ಅದರ ಮುಂದಿನ ಕೋಶಗಳಲ್ಲಿ ಉದ್ದೀಪಿಸುವ ಗ್ರಾಹಕವಿದೆ, ಆದ್ದರಿಂದ ಬೆಳಕು ತಗ್ಗಿದಾಗ ಅವೂ ಚುರುಕಾಗುತ್ತವೆ. ಎಲ್1 ಬಿಡುವುದು ಗ್ಲುಟಮೇಟ್. ಅದನ್ನು ಕೇಳಿಸಿಕೊಳ್ಳುವ ಮಿ1 ಎಂಬ ಕೋಶದ ಮೇಲಿರುವುದು ನಾನು ಈಗ ತಾನೆ ಹೇಳಿದ ಗ್ಲುಕ್ಲ್-ಆಲ್ಫಾ. ಕತ್ತಲಲ್ಲಿ ಎಲ್1 ಗ್ಲುಟಮೇಟ್ ಸುರಿಸುತ್ತ ಮಿ1ನ್ನು ಅದುಮಿ ಹಿಡಿದಿರುತ್ತದೆ, ಬೆಳಕು ಬಂದೊಡನೆ ಎಲ್1 ಸುಮ್ಮನಾಗುತ್ತದೆ, ಅದುಮಿದ ಕೈ ಸಡಿಲುತ್ತದೆ, ಮಿ1 ಮೇಲೆದ್ದು ಬೆಳಕಾಯಿತು ಎನ್ನುತ್ತದೆ. ಎರಡು ಹಾದಿಗಳು ಕವಲೊಡೆದದ್ದು ತಂತಿಯ ವಿನ್ಯಾಸದಿಂದ ಮಾತ್ರ ಅಲ್ಲ, ತಂತಿಯ ಆಚೆ ತುದಿಯಲ್ಲಿ ಕೂತ ಪ್ರೋಟೀನಿನಿಂದ. ಕೆಲಸ ಪೂರ್ತಿ ಗ್ಲುಕ್ಲ್-ಆಲ್ಫಾದ್ದೇ ಎಂದು ನಾನು ಹೇಳಿದರೆ ವಿಷಯವನ್ನು ಅತಿಯಾಗಿ ಸರಳಗೊಳಿಸಿದಂತಾಗುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಾಬಾದ ಮೂಲಕ ಬರುವ ತಡೆಯೂ ಇದಕ್ಕೆ ಕೈಗೂಡಿಸುತ್ತದೆಂದು ತೋರಿಸಿತು.

ಮಿ1ರ ಮುಂದಿನ ಕೋಶ ಟಿ4. ಇದು ಚಲನೆಯ ದಿಕ್ಕನ್ನು ಗುರುತಿಸುವ ಕೋಶ. 1956ರಲ್ಲಿ ಬರ್ನ್‌ಹಾರ್ಡ್ ಹಾಸೆನ್‌ಸ್ಟೈನ್ ಮತ್ತು ವೆರ್ನರ್ ರೈಕಾರ್ಟ್ ಎಂಬ ಜರ್ಮನ್ ವಿಜ್ಞಾನಿಗಳು ಒಂದು ಜಾತಿಯ ಜೀರುಂಡೆಯ ತಿರುಗಾಟವನ್ನು ಅಳೆದು ಒಂದು ಮಾತು ಹೇಳಿದ್ದರು: ಚಲನೆಯನ್ನು ಕಾಣಬೇಕಾದರೆ ಅಕ್ಕಪಕ್ಕದ ಎರಡು ಬಿಂದುಗಳ ಸಂಕೇತಗಳಲ್ಲಿ ಒಂದನ್ನು ಕೊಂಚ ತಡಮಾಡಿಸಿ, ಎರಡನ್ನೂ ಗುಣಿಸಬೇಕು. ಗಣಿತ ಸರಿಹೊಂದಿತು. ಆದರೆ ಒಂದು ಜೀವಕೋಶ ಗುಣಾಕಾರ ಮಾಡುವುದು ಹೇಗೆ? ಕೂಡುವುದು ಸುಲಭ, ಎರಡು ಕಡೆಯಿಂದ ವಿದ್ಯುತ್ ಬಂದರೆ ಅದು ತಾನಾಗಿ ಕೂಡಿಕೊಳ್ಳುತ್ತದೆ. ಗುಣಿಸುವುದಕ್ಕೆ ಯಂತ್ರ ಯಾವುದು ಎಂಬ ಪ್ರಶ್ನೆ ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ನಿಂತಿತ್ತು.

ಅದಕ್ಕೆ ಉತ್ತರ ಸಿಕ್ಕ ಪ್ರಯೋಗವನ್ನು ಕಣ್ಣ ಮುಂದೆ ತಂದುಕೊಳ್ಳಿ. ಜೀವಂತ ನೊಣವೊಂದನ್ನು ಅಲುಗದಂತೆ ಅಂಟಿಸಿ, ತಲೆಯನ್ನು ಮುಂದಕ್ಕೆ ಬಾಗಿಸಿ, ತಲೆಯ ಹಿಂಬದಿಯ ಗಟ್ಟಿ ಹೊದಿಕೆಯಲ್ಲಿ ಸೂಕ್ಷ್ಮವಾದ ಒಂದು ಕಿಂಡಿ ತೆರೆದು, ಅದರ ಮೇಲೆ ಉಪ್ಪುನೀರಿನ ದ್ರಾವಣವನ್ನು ಹರಿಯಬಿಟ್ಟು, ಸೂಕ್ಷ್ಮದರ್ಶಕದಲ್ಲಿ ಹೊಳೆಯುವ ಒಂದೇ ಒಂದು ಟಿ4 ಕೋಶಕ್ಕೆ ಕೂದಲಿಗಿಂತ ಎಷ್ಟೋ ಪಟ್ಟು ಸಪೂರವಾದ ಗಾಜಿನ ಕೊಳವೆಯ ತುದಿಯನ್ನು ತಾಗಿಸಿ ವಿದ್ಯುತ್ತನ್ನು ಅಳೆಯಬೇಕು. ಅದೇ ಸಮಯದಲ್ಲಿ ನೊಣದ ಕಣ್ಣೆದುರಿನ ಪರದೆಯ ಮೇಲೆ ಬೆಳಕಿನ ಅಂಚುಗಳು ಸರಿಯುತ್ತಿರಬೇಕು. ಜರ್ಮನಿಯ ಮ್ಯೂನಿಕ್ ಬಳಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಅಲೆಕ್ಸಾಂಡರ್ ಬೋರ್ಸ್ಟ್ ಅವರ ತಂಡ ಈ ಕೆಲಸ ಮಾಡಿ 2022ರಲ್ಲಿ ಪ್ರಕಟಿಸಿತು.

ಅವರು ಕಂಡದ್ದನ್ನು ಒಂದು ತೂತುಕೊಡದ ಚಿತ್ರದಿಂದ ವಿವರಿಸುತ್ತೇನೆ. ಟಿ4 ಕೋಶವನ್ನು ಕೊಡ ಎಂದುಕೊಳ್ಳಿ. ಮಿ1 ಅದಕ್ಕೆ ಅಸಿಟೈಲ್‌ಕೋಲಿನ್ ಮೂಲಕ ನೀರು ಸುರಿಯುತ್ತದೆ. ಮಿ9 ಎಂಬ ಇನ್ನೊಂದು ಕೋಶ ಕತ್ತಲಿರುವಷ್ಟು ಹೊತ್ತೂ ಗ್ಲುಟಮೇಟ್ ಬಿಡುತ್ತಿರುತ್ತದೆ, ಅದರಿಂದ ಟಿ4ರ ಮೇಲಿನ ಗ್ಲುಕ್ಲ್-ಆಲ್ಫಾ ಕೊಳವೆಗಳು ತೆರೆದಿರುತ್ತವೆ. ಅವೇ ಕೊಡದ ತೂತುಗಳು. ತೂತುಗಳು ತೆರೆದಿರುವಾಗ ಎಷ್ಟು ಸುರಿದರೂ ಮಟ್ಟ ಏರುವುದಿಲ್ಲ. ಬೆಳಕಿನ ಅಂಚು ಸರಿಯಾದ ದಿಕ್ಕಿನಿಂದ ಬಂದರೆ ಅದು ಮೊದಲು ಮಿ9ರ ಜಾಗವನ್ನು ದಾಟುತ್ತದೆ, ಮಿ9 ಸುಮ್ಮನಾಗುತ್ತದೆ, ತೂತುಗಳು ಮುಚ್ಚಿಕೊಳ್ಳುತ್ತವೆ. ಮರುಕ್ಷಣ ಅಂಚು ಮಿ1ರ ಜಾಗಕ್ಕೆ ಬಂದು ನೀರು ಸುರಿದಾಗ ಮಟ್ಟ ಎರಡರ ಮೊತ್ತಕ್ಕಿಂತ ಹೆಚ್ಚು ಏರುತ್ತದೆ. ವಿರುದ್ಧ ದಿಕ್ಕಿನಿಂದ ಬಂದರೆ ನೀರು ಸುರಿಯುವ ಹೊತ್ತಿಗೆ ತೂತುಗಳು ಇನ್ನೂ ತೆರೆದೇ ಇರುತ್ತವೆ. ಓಮ್‌ನ ನಿಯಮವನ್ನು ನೆನಪಿಸಿಕೊಳ್ಳಿ: ವಿದ್ಯುತ್‌ಪ್ರವಾಹ ಮತ್ತು ರೋಧ ಇವೆರಡನ್ನೂ ಗುಣಿಸಿದರೆ ಸಿಗುವುದು ವೋಲ್ಟೇಜ್. ಮಿ1 ಪ್ರವಾಹವನ್ನು ಕೊಡುತ್ತದೆ, ಮಿ9 ಸುಮ್ಮನಾಗಿ ರೋಧವನ್ನು ಏರಿಸುತ್ತದೆ, ಗುಣಾಕಾರ ಪೊರೆಯಲ್ಲೇ ನಡೆದುಹೋಗುತ್ತದೆ. ಟಿ4 ಕೋಶಗಳಲ್ಲಿ ಗ್ಲುಕ್ಲ್-ಆಲ್ಫಾವನ್ನು ತಗ್ಗಿಸಿದಾಗ ದಿಕ್ಕು ಗುರುತಿಸುವ ಅವುಗಳ ನಿಖರತೆ ಮಂಕಾಯಿತು. ಸುತ್ತಲಿನ ಪಟ್ಟೆಗಳು ತಿರುಗಿದಾಗ ನೊಣ ತಾನೂ ಅವುಗಳೊಂದಿಗೆ ತಿರುಗುವ ರೀತಿ ಬದಲಾಯಿತು. ಒಂದು ಗ್ರಾಹಕವನ್ನು ಒಂದು ಜಾತಿಯ ಕೋಶದಿಂದ ತೆಗೆದಾಗ ಪ್ರಾಣಿಯ ನಡೆಯಲ್ಲಿ ಅದು ಕಾಣುತ್ತದೆ. ಇದನ್ನು ಓದಿದ ದಿನ ನನಗಾದ ಸಂತೋಷವನ್ನು ನಾನು ಇಂದಿಗೂ ಮರೆತಿಲ್ಲ.

ಗ್ರಾಹಕ ಕೋಶದಲ್ಲಿದ್ದರೆ ಸಾಲದು, ಸರಿಯಾದ ಕವಲಿನಲ್ಲಿರಬೇಕು ಎಂಬುದನ್ನೂ ಇಲ್ಲಿ ಹೇಳಬೇಕು. ಟಿ4ರ ಕವಲುಗಳೆಲ್ಲ ಸೇರಿದರೂ ಒಂದು ತಲೆಗೂದಲಿನ ದಪ್ಪವನ್ನು ಮೀರುವುದಿಲ್ಲ. ಇದೇ ಬೋರ್ಸ್ಟ್ ತಂಡ 2020ರಲ್ಲಿ, ಬೇಕಾದ ಕೋಶದಲ್ಲಿ ಮಾತ್ರ ಗ್ರಾಹಕಕ್ಕೆ ಹೊಳೆಯುವ ಗುರುತು ಹಚ್ಚುವ ತಳಿವಿಜ್ಞಾನದ ವಿಧಾನಗಳನ್ನು ರೂಪಿಸಿ ನೋಡಿದಾಗ, ಗ್ಲುಕ್ಲ್-ಆಲ್ಫಾ ಮಿ9 ಬಂದು ಮುಟ್ಟುವ ತುತ್ತತುದಿಯಲ್ಲೇ ನೆಲೆಸಿತ್ತು. ಒಂದು ಕೋಶ ಯಾವ ಯಾವ ಗ್ರಾಹಕಗಳ ಸಂದೇಶ-ಆರ್‌ಎನ್‌ಎಯನ್ನು, ಅಂದರೆ ಆ ಪ್ರೋಟೀನನ್ನು ಕಟ್ಟಲು ಬೇಕಾದ ಸೂಚನೆಯ ಪ್ರತಿಯನ್ನು, ತಯಾರಿಸುತ್ತದೆ ಎಂಬ ಪಟ್ಟಿ ಇಂದು ಸಲೀಸಾಗಿ ಸಿಗುತ್ತದೆ, ಆ ಪಟ್ಟಿ ಉದ್ದವೂ ಆಗಿರುತ್ತದೆ. ಪಟ್ಟಿಯಲ್ಲಿರುವ ಗ್ರಾಹಕ ಯಾವ ಸಿನಾಪ್ಸಿನಲ್ಲಿ ಕೂತಿದೆ ಎಂದು ತಿಳಿಯುವುದು ಬೇರೆಯೇ ಶ್ರಮದ ಕೆಲಸ. ನಾನು ಮೊದಲು ಹೇಳಿದ ದೊಡ್ಡ ನಕ್ಷೆಯಲ್ಲಿ, ಎಲೆಕ್ಟ್ರಾನ್ ಚಿತ್ರಗಳನ್ನು ಗಣಕಕ್ಕೆ ಕಲಿಸಿ, ಒಂದೊಂದು ಕೋಶವೂ ಆರು ನರವಾಹಕಗಳಲ್ಲಿ ಯಾವುದನ್ನು ಬಿಡುತ್ತದೆಂದು ಊಹಿಸುವುದು ಸಾಧ್ಯವಾಗಿದೆ. ಕೋಶಗಳ ಮಟ್ಟದಲ್ಲಿ ಆ ಊಹೆ ನೂರಕ್ಕೆ 94ರಷ್ಟು ಸರಿ. ಆದರೆ ಅದು ಹೇಳುವವನ ಭಾಷೆ. ಕೇಳುವವನ ಕಿವಿ ಆ ಚಿತ್ರಗಳಲ್ಲಿಲ್ಲ.

ಕಣ್ಣಿನಿಂದ ನೆನಪಿಗೆ ಬರೋಣ. ನೊಣಕ್ಕೆ ಒಂದು ವಾಸನೆಯನ್ನು ಕೊಟ್ಟು ಜೊತೆಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟರೆ ಮುಂದೆ ಅದು ಆ ವಾಸನೆಯಿಂದ ದೂರ ಸರಿಯುತ್ತದೆಂದು ಅಮೆರಿಕದ ತಳಿವಿಜ್ಞಾನಿ ಸೀಮೋರ್ ಬೆಂಜರ್ ಅವರ ಪ್ರಯೋಗಾಲಯ 1974ರಲ್ಲಿ ತೋರಿಸಿತು. ಇಲ್ಲಿ ನಮ್ಮ ಊರಿಗೊಂದು ನಂಟಿದೆ. ಬೆಂಜರ್ ಜೊತೆ ನೊಣಗಳ ನರಮಂಡಲದ ಮೇಲೆ ಕೆಲಸ ಮಾಡಿದ ಒಬೈದ್ ಸಿದ್ದೀಕಿ ಅವರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನೊಣದ ವಾಸನೆ ಮತ್ತು ರುಚಿಯ ಅಧ್ಯಯನವನ್ನು ಕಟ್ಟಿ ಬೆಳೆಸಿದರು. ಆಮೇಲೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಸ್ಥಾಪಿಸಿ, 2013ರಲ್ಲಿ ತೀರಿಕೊಳ್ಳುವವರೆಗೂ ಇದೇ ಪ್ರಶ್ನೆಗಳ ಬೆನ್ನುಹತ್ತಿದ್ದರು. ಆ ಕೇಂದ್ರವಿರುವುದು ಹೆಬ್ಬಾಳದಾಚೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ. ಈ ನೆರೆಹೊರೆಯ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಅದಕ್ಕೆ ಬರುತ್ತೇನೆ.

ನೊಣದ ನೆನಪು ಕೂಡಿಕೊಳ್ಳುವುದು ಅಣಬೆಯಾಕಾರದ ಒಂದು ಭಾಗದಲ್ಲಿ. ಅಲ್ಲಿ ವಾಸನೆಯನ್ನು ಪ್ರತಿನಿಧಿಸುವ ಸುಮಾರು 2,000 ಕೋಶಗಳು ಒಂದೊಂದು ಪಕ್ಕದಲ್ಲೂ ಇವೆ. ಶಿಕ್ಷೆಯೋ ಬಹುಮಾನವೋ ಬಂದಾಗ ಅವುಗಳ ಮೇಲೆ ಡೋಪಮೈನ್ ಸುರಿಯುತ್ತದೆ. ಈಗ ಕ್ರಮವನ್ನು ಗಮನಿಸಿ. ವಾಸನೆ ಮೊದಲು ಬಂದು ಆಘಾತ ಆಮೇಲೆ ಬಂದರೆ ವಾಸನೆ ಅಪಾಯದ ಮುನ್ಸೂಚನೆ. ಆಘಾತ ಮುಗಿದ ಮೇಲೆ ವಾಸನೆ ಬಂದರೆ ಅದು ಅಪಾಯ ಕಳೆಯಿತೆಂಬ ಸೂಚನೆ. ಎರಡರಲ್ಲೂ ಸುರಿಯುವ ಡೋಪಮೈನ್ ಒಂದೇ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ವನೆಸಾ ರೂಟಾ ಅವರ ತಂಡ 2019ರಲ್ಲಿ ಕಂಡುಕೊಂಡಂತೆ, ಅದೇ ಕೋಶದ ಮೇಲಿರುವ ಎರಡು ಡೋಪಮೈನ್ ಗ್ರಾಹಕಗಳು ಈ ಹಿಂದುಮುಂದನ್ನು ಬೇರ್ಪಡಿಸುತ್ತವೆ. ವಾಸನೆಯ ಹಿಂದೆಯೇ ಡೋಪಮೈನ್ ಬಂದರೆ ಒಂದನೆಯ ಗ್ರಾಹಕದ ಮೂಲಕ ಸೈಕ್ಲಿಕ್ ಎಎಂಪಿ ಎಂಬ, ಕೋಶದೊಳಗೆ ಸಂದೇಶ ಸಾಗಿಸುವ ಅಣು ಏರಿ ಸಿನಾಪ್ಸ್ ದುರ್ಬಲವಾಗುತ್ತದೆ. ಡೋಪಮೈನ್ ಮೊದಲಾದರೆ ಎರಡನೆಯದರ ಮೂಲಕ ಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಬಿಡುಗಡೆಯಾಗಿ ಸಿನಾಪ್ಸ್ ಬಲಗೊಳ್ಳುತ್ತದೆ. ಕೆಲವೇ ಸೆಕೆಂಡುಗಳ ಅಂತರವನ್ನು ಎರಡು ಅಣುಗಳು ಲೆಕ್ಕ ಹಾಕುತ್ತಿವೆ. ಇದೇ ಎರಡನೆಯ ಗ್ರಾಹಕ ಇಲ್ಲದ ನೊಣಗಳು ಕಲಿತದ್ದನ್ನು ಬೇಗ ಮರೆಯುವುದಿಲ್ಲ ಎಂದು 2012ರಲ್ಲಿ ತಿಳಿದುಬಂದಿತ್ತು. ಅಂದರೆ ಮರೆವು ತಾನಾಗಿ ಮಾಸುವುದಷ್ಟೇ ಅಲ್ಲ, ಅದನ್ನು ನಡೆಸುವ ಗ್ರಾಹಕವೂ ಇದೆ.

ಈಗ ಜಿಕೆವಿಕೆಯ ಮಾತಿಗೆ ಮರಳುತ್ತೇನೆ. ನಿಮ್ಮಲ್ಲಿ ಹೊಲ, ತೋಟ ಇರುವವರಿಗೆ ಇಮಿಡಾಕ್ಲೋಪ್ರಿಡ್, ಫಿಪ್ರೊನಿಲ್, ಸ್ಪಿನೋಸಾಡ್, ಎಮಾಮೆಕ್ಟಿನ್ ಎಂಬ ಕೀಟನಾಶಕಗಳ ಹೆಸರುಗಳು ಗೊಬ್ಬರದಂಗಡಿಯಿಂದ ಪರಿಚಿತ. ನಾಲ್ಕೂ ಕೀಟದ ನರಮಂಡಲದ ಗ್ರಾಹಕಗಳ ಮೇಲೆಯೇ ಕೆಲಸ ಮಾಡುತ್ತವೆ. ಇಮಿಡಾಕ್ಲೋಪ್ರಿಡ್ ಮತ್ತು ಸ್ಪಿನೋಸಾಡ್ ಅಸಿಟೈಲ್‌ಕೋಲಿನ್ ಗ್ರಾಹಕವನ್ನು ಹಿಡಿಯುತ್ತವೆ, ಫಿಪ್ರೊನಿಲ್ ಮುಖ್ಯವಾಗಿ ಗಾಬಾ ಗ್ರಾಹಕವನ್ನು ಮುಚ್ಚುತ್ತದೆ, ಎಮಾಮೆಕ್ಟಿನ್ ನಾವು ಇಷ್ಟು ಹೊತ್ತು ಮಾತನಾಡಿದ ಗ್ಲುಟಮೇಟ್-ಕ್ಲೋರೈಡ್ ಗ್ರಾಹಕವನ್ನು ತೆರೆದೇ ಇಡುತ್ತದೆ. ಕೊನೆಯ ಈ ಗ್ರಾಹಕ ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಲ್ಲವೇ ಇಲ್ಲ. ಇದೇ ಕುಟುಂಬದ ಐವರ್ಮೆಕ್ಟಿನ್ ಮನುಷ್ಯರಿಗೆ ಹುಳುವಿನ ಔಷಧಿಯಾಗಿ ಕೊಡಬಹುದಾದ್ದಕ್ಕೆ ಅದು ಒಂದು ಮುಖ್ಯ ಕಾರಣ.

ನೊಣದ ಗಾಬಾ ಗ್ರಾಹಕದ ಹೆಸರೇ ಒಂದು ಚರಿತ್ರೆ. ಅದನ್ನು ಆರ್‌ಡಿಎಲ್ ಎನ್ನುತ್ತಾರೆ, ಡೀಲ್ಡ್ರಿನ್‌ಗೆ ಪ್ರತಿರೋಧ ಎಂಬುದರ ಸಂಕ್ಷೇಪ ಅದು. ಡೀಲ್ಡ್ರಿನ್ ಎಂಬ ಕೀಟನಾಶಕಕ್ಕೆ ಸಾಯದ ನೊಣಗಳಲ್ಲಿ ಏನು ಬದಲಾಗಿದೆ ಎಂದು ಹುಡುಕುತ್ತ ಹೋದವರು ಈ ಗ್ರಾಹಕವನ್ನು ತಲುಪಿದರು. 1993ರಲ್ಲಿ ಗೊತ್ತಾದದ್ದೇನೆಂದರೆ, ಆ ಪ್ರೋಟೀನಿನ 302ನೆಯ ಸ್ಥಾನದಲ್ಲಿರುವ ಅಲನಿನ್ ಬದಲಿಗೆ ಸೆರಿನ್ ಬಂದಿದೆ, ಅಷ್ಟೇ. ಒಂದೇ ಒಂದು ಅಮೈನೋ ಆಮ್ಲ. ಅದೇ ಸ್ಥಾನದ ಬದಲಾವಣೆ ಸೊಳ್ಳೆ, ಜೀರುಂಡೆ ಮುಂತಾದ ದೂರದ ಕೀಟಗಳಲ್ಲೂ ಸ್ವತಂತ್ರವಾಗಿ ಕಾಣಿಸಿಕೊಂಡಿತು. ಸ್ಪಿನೋಸಾಡ್‌ನದು ಇನ್ನೊಂದು ಬಗೆ. ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನು ಕಟ್ಟುವ ಹತ್ತು ಬಗೆಯ ಘಟಕಗಳು ನೊಣದಲ್ಲಿವೆ. ಅವುಗಳಲ್ಲಿ ಆಲ್ಫಾ-6 ಎಂಬುದೊಂದು ಇಲ್ಲದ ನೊಣ ಬದುಕುತ್ತದೆ, ಮತ್ತು ಸ್ಪಿನೋಸಾಡನ್ನು ಸಾವಿರ ಪಟ್ಟಿಗೂ ಹೆಚ್ಚು ತಾಳಿಕೊಳ್ಳುತ್ತದೆ. ಒಂದೇ ಔಷಧಿಯನ್ನು ವರ್ಷವರ್ಷವೂ ಹೊಡೆಯಬೇಡಿ, ಬೇರೆ ಗುರಿಯಿರುವುದನ್ನು ಬದಲಾಯಿಸಿ ಬಳಸಿ ಎಂದು ಕೃಷಿ ವಿಜ್ಞಾನಿಗಳು ಹೇಳುವಾಗ ಅವರ ಮಾತಿನ ಹಿಂದಿರುವುದು ಈ ಗ್ರಾಹಕಗಳ ಲೆಕ್ಕ.

ಇನ್ನೊಂದು ಮಾತನ್ನು ಕಳವಳದಿಂದಲೇ ಹೇಳುತ್ತೇನೆ. ಅಸಿಟೈಲ್‌ಕೋಲಿನ್ ಗ್ರಾಹಕ ಕೀಟಗಳ ನಡುವೆ ಬಹಳಷ್ಟು ಒಂದೇ ತೆರ. ಬೆಳೆಯನ್ನು ತಿನ್ನುವ ಹುಳು ಯಾವುದು, ಆ ಬೆಳೆಯ ಹೂವಿಗೆ ಬಂದ ತುಡುವೆ ಜೇನು ಯಾವುದು ಎಂಬ ಭೇದ ಇಮಿಡಾಕ್ಲೋಪ್ರಿಡ್ ಅಣುವಿಗೆ ತಿಳಿಯುವುದಿಲ್ಲ. ಜೇನ್ನೊಣದ ವಾಸನೆಯ ನೆನಪು ನಡೆಯುವುದೂ ಇದೇ ಗ್ರಾಹಕಗಳ ಮೇಲೆ. ಐರೋಪ್ಯ ಒಕ್ಕೂಟ 2018ರಲ್ಲಿ ಇಮಿಡಾಕ್ಲೋಪ್ರಿಡ್ ಸೇರಿದಂತೆ ಈ ಗುಂಪಿನ ಮೂರು ಕೀಟನಾಶಕಗಳನ್ನು ಬಯಲಿನಲ್ಲಿ ಬಳಸುವುದನ್ನು ನಿಷೇಧಿಸಿದ್ದು ಜೇನ್ನೊಣಗಳ ಸಲುವಾಗಿ. ಹೂ ಬಿಟ್ಟಿರುವಾಗ ಸಿಂಪಡಿಸಬೇಡಿ ಎಂಬ ಸಲಹೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಮಾತಿನ ನಡುವೆ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: ನೊಣದ ಕಣ್ಣಿನಲ್ಲಿ ಒಂದು ಸಂಕೇತ ಎರಡಾದಂತೆ ನಮ್ಮ ಕಣ್ಣಿನಲ್ಲೂ ಆಗುತ್ತದೆಯೇ? ಆಗುತ್ತದೆ, ಮತ್ತು ಆಗುವ ರೀತಿ ಆಶ್ಚರ್ಯ ಹುಟ್ಟಿಸುವಂಥದ್ದು. ನಮ್ಮ ದೃಷ್ಟಿಕೋಶಗಳು ನೊಣದವಕ್ಕೆ ವಿರುದ್ಧವಾಗಿ ಕತ್ತಲಲ್ಲಿ ಗ್ಲುಟಮೇಟ್ ಬಿಡುತ್ತ, ಬೆಳಕು ಬಂದಾಗ ತಗ್ಗಿಸುತ್ತವೆ. ಅದನ್ನು ಪಡೆಯುವ ಕೋಶಗಳಲ್ಲಿ ಒಂದು ಬಗೆಯವು ಉದ್ದೀಪಿಸುವ ಗ್ರಾಹಕವನ್ನು ಹೊಂದಿದ್ದು ಕತ್ತಲಿನ ಸುದ್ದಿಯನ್ನು ಒಯ್ಯುತ್ತವೆ. ಇನ್ನೊಂದು ಬಗೆಯವು ಎಂಗ್ಲುಆರ್6 ಎಂಬ ಗ್ರಾಹಕದಿಂದ ಅದೇ ಗ್ಲುಟಮೇಟನ್ನು ತಲೆಕೆಳಗು ಮಾಡಿ ಬೆಳಕಿನ ಸುದ್ದಿಯನ್ನು ಒಯ್ಯುತ್ತವೆ. ಅದು ಕ್ಲೋರೈಡಿನ ಕೊಳವೆಯಲ್ಲ, ನಿಧಾನ ಸರಪಳಿಯ ಜಾತಿಯದು, ನೊಣದ ಗ್ಲುಕ್ಲ್-ಆಲ್ಫಾಕ್ಕೂ ಅದಕ್ಕೂ ರಕ್ತಸಂಬಂಧವಿಲ್ಲ. ಬೇರೆಬೇರೆ ದಾರಿಯಲ್ಲಿ ಬಂದ ಎರಡು ಕಣ್ಣುಗಳು ಒಂದೇ ಲೆಕ್ಕವನ್ನು ಬೇರೆಬೇರೆ ಗ್ರಾಹಕಗಳಿಂದ ಬಿಡಿಸಿವೆ. ಈ ಎಂಗ್ಲುಆರ್6ರ ಜೀನ್ ತಂದೆ ಮತ್ತು ತಾಯಿ ಇಬ್ಬರಿಂದಲೂ ಕೆಟ್ಟು ಬಂದ ಮಕ್ಕಳಿಗೆ ಹುಟ್ಟಿನಿಂದಲೇ ರಾತ್ರಿಗುರುಡು ಇರುತ್ತದೆ. ಅವರ ದೃಷ್ಟಿಕೋಶಗಳು ಚೆನ್ನಾಗಿರುತ್ತವೆ, ಗ್ಲುಟಮೇಟೂ ಸರಿಯಾಗಿಯೇ ಬಿಡುಗಡೆಯಾಗುತ್ತದೆ. ಕತ್ತಲಿಗೆ ಹೊಂದಿಕೊಂಡ ಅವರ ಕಣ್ಣಿಗೆ ಬೆಳಕಿನ ಮಿಂಚೊಂದನ್ನು ತೋರಿಸಿ ವೈದ್ಯರು ವಿದ್ಯುತ್ ರೇಖೆಯನ್ನು ಬರೆಸಿಕೊಂಡಾಗ, ದೃಷ್ಟಿಕೋಶಗಳಿಂದ ಬರುವ ಮೊದಲಿನ ಇಳಿತ ಎಲ್ಲರಲ್ಲಿರುವಂತೆಯೇ ಕಾಣುತ್ತದೆ, ಅದರ ಹಿಂದೆಯೇ ಬರಬೇಕಾದ ದೊಡ್ಡ ಏರಿಕೆ ಮಾತ್ರ ಬರುವುದಿಲ್ಲ.